ಸೇರಿಸಿದವರನ್ನು ಕೇಳಬೇಕು

“ಮೇಡಂ, ಒಂದು ಡೌಟು.”

ಫೋನಿನಲ್ಲಿ ಈ ಮಾತು ಕೇಳಿಸಿದರೆ ಸಾಕು, ನನ್ನ ತಲೆ ಬಿಸಿಯಾಗುತ್ತಿತ್ತು. ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟಾಗ ಬರುತ್ತಿತ್ತು. ಕೋರ್ಟಿನ ಮೆಟ್ಟಿಲ ಮೇಲೆ ಕಕ್ಷಿದಾರರಿಗೆ ಸಮಾಧಾನ ಹೇಳುತ್ತಿರುವಾಗ ಬರುತ್ತಿತ್ತು. ಒಮ್ಮೆ ನನ್ನ ತಂಗಿಯ ಮಗಳ ಮದುವೆಯಲ್ಲಿ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಬಂದಿತ್ತು. ಶಿವಮೊಗ್ಗದ ಕೋಟೆಯ ಹಿಂದಿನ ಓಣಿಯಲ್ಲಿರುವ ವೃದ್ಧಾಶ್ರಮವೊಂದರ ಸಿಸ್ಟರ್ ಆಕೆ. ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಮನೆ ಅದು. ಹೋದ ತಿಂಗಳು ರಜಕ್ಕೆಂದು ಭದ್ರಾವತಿಯ ತಂಗಿಯ ಮನೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯುವುದು ವಾಡಿಕೆ. ನನ್ನ ಕೈಲಿ ಆಗುವುದಿಲ್ಲ. ಆಕೆ ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡಿದ್ದಾರೆ.

ಹೆಸರು ಬರೆಯುವುದಿಲ್ಲ. ಎಲ್ಲರಿಗೂ ಆಕೆ ಸಿಸ್ಟರ್, ಅಷ್ಟೇ. ದಪ್ಪನೆಯ ಮೈ, ಸೀರೆಯ ಮೇಲೆ ಬಿಳಿ ಕೋಟು, ಕೋಟಿನ ಎದೆಗೆ ತಲೆಕೆಳಗಾಗಿ ನೇತುಬಿದ್ದ ಗಡಿಯಾರ. ನಡೆಯುವಾಗ ಚಪ್ಪಲಿಗಿಂತ ಮೊದಲು ಬಾಯಿ ಕೇಳಿಸುತ್ತಿತ್ತು. “ಯಾರು ಮಾತ್ರೆ ಉಗುಳಿದ್ದು? ಯಾರು ಈ ಚಾದರ ಕೆಳಗೆ ಹಾಕಿದ್ದು?” ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ಕನ್ನಡ ಅಚ್ಚುಕಟ್ಟಾಗಿಯೇ ಬರುತ್ತಿತ್ತು, ಕನಿಕರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. “ಪಾವಂ ಮೇಡಂ!” ಪಾವಂ ಅಂದರೆ ನಮ್ಮ ‘ಪಾಪ’ವೇ. ಆದರೆ ಆಕೆ ಅದನ್ನು ಒಮ್ಮೆ ಹೇಳಿದರೆಂದರೆ ಆ ವಿಷಯದ ವಿಚಾರಣೆ ಮುಗಿದಂತೆ. ಪಾವಂ ಆದವರನ್ನು ಏನೂ ಕೇಳಬೇಕಾಗಿಲ್ಲ, ಅವರಿಗೆ ಮಾಡಬೇಕಾದ್ದನ್ನು ಮಾಡಿದರಾಯಿತು.

ನಾನು ಅಲ್ಲಿಗೆ ಹೋದದ್ದು ಕಾನೂನು ಅರಿವಿನ ತರಗತಿ ತೆಗೆದುಕೊಳ್ಳಲು. ಊಟದ ಹಾಲಿನಲ್ಲಿ ಆಯಾಗಳೆಲ್ಲ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ನಾನು ಶುರುಮಾಡಿದೆ. ಮನಸ್ಸಿನ ಆರೋಗ್ಯದ ಹೊಸ ಕಾಯ್ದೆ ಏನು ಹೇಳುತ್ತದೆ, ಅದು ವೃದ್ಧಾಶ್ರಮಕ್ಕೆ ಎಷ್ಟು ಅನ್ವಯಿಸುತ್ತದೆ ಎಂದು ವಕೀಲರಾದ ನಾವು ಸಂಜೆಯವರೆಗೂ ಜಗಳವಾಡಬಹುದು. ತಿರುಳು ಇಷ್ಟೇ: ಮರೆವು ಬಂದಿದೆ ಎಂದ ಮಾತ್ರಕ್ಕೆ ತೀರ್ಮಾನ ಮಾಡುವ ಶಕ್ತಿ ಪೂರ್ತಿ ಹೋಯಿತು ಎಂದುಕೊಳ್ಳಬಾರದು. ಬ್ಯಾಂಕಿನ ವ್ಯವಹಾರ ತಿಳಿಯದವರಿಗೆ ಯಾವ ಸೀರೆ ಉಡಬೇಕೆಂಬುದು ತಿಳಿಯಬಹುದು. ಬೆಳಿಗ್ಗೆ ತಿಳಿಯದ್ದು ಸಂಜೆ ತಿಳಿಯಬಹುದು. ಬಿಡಿಸಿ ಹೇಳಿ, ಕಾದು, ಅವರನ್ನೇ ಕೇಳಬೇಕು.

ಸಿಸ್ಟರ್ ಕೈ ಎತ್ತಿದರು. “ಮೇಡಂ, ಒಂದು ಡೌಟು. ಅವರು ಫಿಟ್ಟಾ, ಅನ್‌ಫಿಟ್ಟಾ?”

“ಹಾಗೆ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ ಸಿಸ್ಟರ್.”

“ಅದೆಂಗೆ ಮೇಡಂ? ನಾನು ಇಪ್ಪತ್ತು ವರ್ಷ ಕಾರ್ಖಾನೆ ಆಸ್ಪತ್ರೆಲಿ ಇದ್ದೆ. ಫಿಟ್ ಅಂದ್ರೆ ಡ್ಯೂಟಿ, ಅನ್‌ಫಿಟ್ ಅಂದ್ರೆ ಮನೆ. ಮಧ್ಯದಲ್ಲಿ ಏನಿದೆ?”

ಮಧ್ಯದಲ್ಲಿಯೇ ಎಲ್ಲ ಇರುವುದು ಎಂದು ನಾನು ಇನ್ನೊಮ್ಮೆ ವಿವರಿಸಿದೆ. ಆಕೆ ಎಷ್ಟು ಗಮನವಿಟ್ಟು ಕೇಳಿದರೆಂದರೆ ಕೈಯಲ್ಲಿದ್ದ ಅವರೆಕಾಯಿ ಅಲ್ಲಿಯೇ ಉಳಿಯಿತು. ಕೊನೆಗೆ, “ಗೊತ್ತಾಯ್ತು ಮೇಡಂ. ಅಂದ್ರೆ ಸೇರಿಸಿದವರನ್ನ ಕೇಳ್ಬೇಕು,” ಎಂದರು. ನಾನು ಹಣೆ ಚಚ್ಚಿಕೊಂಡೆ.

ಸೇರಿಸಿದವರು! ಆ ಮನೆಯಲ್ಲಿ ದೇವರಿಗಿಂತ ದೊಡ್ಡ ಸ್ಥಾನ ಅವರದ್ದು. ಮಗನೋ ಸೊಸೆಯೋ ಅಣ್ಣನೋ, ಯಾರು ತಂದು ಸೇರಿಸಿದರೋ ಅವರೇ ಆ ಮನುಷ್ಯನ ಯಜಮಾನರು. ಮೊಸರನ್ನ ಕೊಡಬಹುದೇ, ಸ್ವೆಟರ್ ಬಿಚ್ಚಬಹುದೇ, ಟಿವಿ ನೋಡಲು ಬಿಡಬಹುದೇ, ಎಲ್ಲಕ್ಕೂ ಸೇರಿಸಿದವರಿಗೆ ಫೋನು. ಆ ತರಗತಿಯ ನಂತರ ಸೇರಿಸಿದವರ ಜತೆಗೆ ನನಗೂ ಶುರುವಾಯಿತು.

“ಮೇಡಂ, ಒಂದು ಡೌಟು. ಮೂರನೇ ರೂಮಿನ ತಾತ ಶೇವಿಂಗ್ ಬೇಡ ಅಂತಾರೆ. ಮಗನ್ನ ಕೇಳ್ಲಾ?”

“ಗಡ್ಡ ಯಾರದ್ದು ಸಿಸ್ಟರ್?”

“ತಾತಂದು.”

“ಹಾಗಾದ್ರೆ ತಾತನ್ನ ಕೇಳಿ.”

“ಕೇಳಿದೆ. ಬೇಡ ಅಂತಾರೆ.”

“ಹಾಗಾದ್ರೆ ಬಿಡಿ ಮಾರಾಯ್ತಿ!”

“ಬಿಟ್ಟೆ ಅಂತಿಟ್ಕೊಳ್ಳಿ. ಮಗ ಬೈದ್ರೆ?”

ಇನ್ನೊಂದು ಸಲ ಹೋದಾಗ ಅದಕ್ಕಿಂತ ಘೋರ ನಡೆದಿತ್ತು. ತೀರ್ಮಾನ ಮಾಡುವ ಶಕ್ತಿ ಇದೆಯೋ ಇಲ್ಲವೋ ನೋಡಬೇಕು ಎಂದು ನಾನು ಬಾಯಿತಪ್ಪಿ ಹೇಳಿದ್ದನ್ನು ಸಿಸ್ಟರ್ ಪರೀಕ್ಷೆಯೆಂದು ತಿಳಿದುಕೊಂಡುಬಿಟ್ಟಿದ್ದರು. ತಿಂಡಿಗೆ ಮೊದಲು ಎಲ್ಲರನ್ನೂ ಸಾಲಾಗಿ ಕೂರಿಸಿ, ಇವತ್ತು ಯಾವ ವಾರ, ಮುಖ್ಯಮಂತ್ರಿ ಯಾರು, ಏಳರಲ್ಲಿ ಮೂರು ಹೋದರೆ ಎಷ್ಟು ಎಂದು ಕೇಳುವುದು. ಪಾಸಾದವರಿಗೆ ಇಡ್ಲಿಯೋ ಉಪ್ಪಿಟ್ಟೋ ಎಂದು ಆರಿಸುವ ಹಕ್ಕು. ಫೇಲಾದವರು ಕೊಟ್ಟದ್ದನ್ನು ತಿನ್ನಬೇಕು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ತಾತನೊಬ್ಬರು, “ಮುಖ್ಯಮಂತ್ರಿ ಯಾರಾದ್ರೇನು, ನನಗೆ ಇಡ್ಲಿ ಬೇಕು,” ಎಂದು ಮೇಜು ಗುದ್ದುತ್ತಿದ್ದರು.

“ಸಿಸ್ಟರ್, ತಾತನಿಗೆ ಇಡ್ಲಿ ಬೇಕು ಅಂತ ಗೊತ್ತಿದೆ. ಬಾಯಿಬಿಟ್ಟು ಹೇಳ್ತಿದಾರೆ. ಇನ್ನೇನು ಪರೀಕ್ಷೆ?”

“ವಾರ ತಪ್ಪು ಹೇಳಿದ್ರು ಮೇಡಂ.”

“ಇಡ್ಲಿ ತಿನ್ನಕ್ಕೆ ವಾರ ಯಾಕ್ರೀ ಬೇಕು?”

ಆಕೆ ನನ್ನನ್ನು ಒಂದು ಕ್ಷಣ ನೋಡಿ, “ಅದೂ ಪಾಯಿಂಟೇ,” ಎಂದರು. ಅದೇ ವಾರ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಸಮಾಜಕಾರ್ಯ ಓದುವ ಹುಡುಗಿಯರು ಬಂದು, ನಿಮಗೆ ಈ ಕಾಯ್ದೆಯ ಬಗ್ಗೆ ಎಷ್ಟು ಗೊತ್ತು ಎಂದು ಕೇಳಿದರಂತೆ. “ಪೂರ್ತಿ ಗೊತ್ತು” ಎಂದು ಸಿಸ್ಟರ್ ಎದೆಯುಬ್ಬಿಸಿ ಹೇಳಿದ್ದನ್ನು ಆಯಾ ಶಾಂತಾ ನನಗೆ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಇಷ್ಟೆಲ್ಲ ಬೈಯುತ್ತಾ ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ: ಅಲ್ಲಿದ್ದವರೆಲ್ಲರ ಊಟ ಆಗುವವರೆಗೆ ಆಕೆ ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಕೆಲವರಿಗೆ ಅನ್ನ ನುಂಗುವುದೇ ಮರೆತುಹೋಗಿರುತ್ತದೆ. ಗಂಟಲು ಸವರಿ, ಗದರಿ, ಹಾಡಿ, ಹೇಗೋ ಉಣ್ಣಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಆಮೇಲೆ ತಣ್ಣಗಾದ ಸಾರಿನ ಜೊತೆ ನಿಂತೇ ಊಟ. ಲಲಿತಮ್ಮ ಎನ್ನುವ ಅಜ್ಜಿಯೊಬ್ಬರು ದಿನಾ ಆಗ ಆಕೆಯನ್ನು ಕೇಳುತ್ತಿದ್ದರು, “ನೀನು ತಿಂದ್ಯಾ?” ಐದು ನಿಮಿಷ ಬಿಟ್ಟು ಮತ್ತೆ, “ನೀನು ತಿಂದ್ಯಾ?” ಸಿಸ್ಟರ್ ನನ್ನ ಕಡೆ ತಿರುಗಿ, “ನೋಡಿ ಮೇಡಂ, ಒಂದೇ ಮಾತು ಹತ್ತು ಸಲ. ಪೂರ್ತಿ ಅನ್‌ಫಿಟ್, ಪಾವಂ,” ಎನ್ನುತ್ತಿದ್ದರು.

ಈ ಲಲಿತಮ್ಮನ ವಿಷಯಕ್ಕೇ ನಮ್ಮಿಬ್ಬರಿಗೆ ಜೋರು ಜಗಳವಾದದ್ದು.

ಒಂದು ಗುರುವಾರ ಹೋದಾಗ ಗೇಟಿನ ಹೊರಗೆ, ಬಿಸಿಲಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಬುರ್ಖಾದ ಮುಸುಕು ಹಿಂದಕ್ಕೆ ಸರಿದಿತ್ತು, ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಯಾರಮ್ಮಾ ಎಂದು ಕೇಳಿದೆ. ಹೆಸರು ಖೈರುನ್ನಿಸಾ, ಭದ್ರಾವತಿ ಓಲ್ಡ್ ಟೌನಿನವರು. ಅಲ್ಲಿ ಲಲಿತಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕಾಲದಲ್ಲಿ ಪಕ್ಕದ ಮಳಿಗೆಯಲ್ಲಿ ಇವರು ಬ್ಲೌಸ್ ಹೊಲಿಯುತ್ತಿದ್ದರು. ಗಿರಣಿ ಮುಚ್ಚುವವರೆಗೂ ಮಧ್ಯಾಹ್ನದ ರೊಟ್ಟಿ ಇಬ್ಬರೂ ಒಟ್ಟಿಗೇ ತಿಂದವರು. ಈಗ ಪ್ರತಿ ಗುರುವಾರ ಬಸ್ಸು ಹತ್ತಿ ಬರುತ್ತಾರೆ. ಒಳಗೆ ಬಿಡುವುದಿಲ್ಲ. ಕಿಟಕಿಯ ಸರಳಿನಾಚೆ ಗೆಳತಿಯ ತಲೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

“ಕ್ಯಾ ಕರ್ನಾ ಬೇಟಿ,” ಎಂದರು. “ಸಿಸ್ಟರ್ ಒಳ್ಳೇರು. ಕುರ್ಚಿ ಕೊಟ್ಟಿದಾರೆ. ಮಜ್ಜಿಗೇನೂ ಕೊಡ್ತಾರೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿ ಕೊಟ್ಟಿದ್ದಾರೆ, ಮಜ್ಜಿಗೆ ಕೊಟ್ಟಿದ್ದಾರೆ, ಬಾಗಿಲು ಮಾತ್ರ ಕೊಟ್ಟಿಲ್ಲ!

“ಏನ್ರೀ ಸಿಸ್ಟರ್ ಇದು?”

“ಸೇರಿಸಿದವರು ಬೇಡ ಅಂದಿದಾರೆ ಮೇಡಂ.”

ಸೇರಿಸಿದವನು ಮಗ. ಶಿವಮೊಗ್ಗದಲ್ಲೇ ಟೈಲ್ಸ್ ಅಂಗಡಿ. ಅವನು ಹೇಳಿದ ಕಾರಣ, ಈಕೆ ಬಂದು ಹೋದ ಮೇಲೆ ಅಮ್ಮ ಅಳುತ್ತಾಳೆ, ತಾನೂ ಹೋಗುತ್ತೇನೆಂದು ಹಟ ಮಾಡುತ್ತಾಳೆ ಎಂಬುದು. ಜೊತೆಗೆ ಹೊರಗಿನ ಊಟ ಬೇಡವಂತೆ. ಹೊರಗಿನದು ಎಂದರೆ ಯಾವ ಹೊರಗು ಎಂದು ನನಗೆ ಅರ್ಥವಾಯಿತು, ಸಿಸ್ಟರಿಗೂ ಅರ್ಥವಾಗಿತ್ತು.

“ಲಲಿತಮ್ಮನ್ನ ಕೇಳಿದ್ರಾ?”

“ಬನ್ನಿ, ನಿಮ್ಮೆದುರಿಗೇ ಕೇಳ್ತೀನಿ.” ನನ್ನನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ, ಹೊರಗೆ ಬೆರಳು ತೋರಿಸಿ, “ಲಲಿತಮ್ಮ, ಅಲ್ಲಿ ಕೂತಿದಾರಲ್ಲ, ಅವರ ಹೆಸರೇನು?” ಎಂದರು.

ಲಲಿತಮ್ಮ ನೋಡಿದರು. ತುಟಿ ಅಲ್ಲಾಡಿತು. ಹೆಸರು ಬರಲಿಲ್ಲ.

“ನೋಡಿದ್ರಾ? ಹೆಸರೇ ಗೊತ್ತಿಲ್ಲ. ಪಾವಂ.”

ನಾನು ಅಲ್ಲಿಯೇ ಕೂಗಾಡಿದೆ. ಹೆಸರು ಗೊತ್ತಿರಬೇಕೆಂದು ಯಾವ ಕಾಯ್ದೆಯಲ್ಲಿದೆ? ನೀವು ಕೇಳಬೇಕಾದ್ದು ಆಕೆಯ ಜೊತೆ ಕೂರಲು ಇಷ್ಟವೇ ಎಂದು. ಅಳು ಬಂದರೆ ಅಳಲಿ, ಇಷ್ಟವಾದವರು ಎದ್ದು ಹೋದರೆ ಯಾರಿಗೆ ಅಳು ಬರುವುದಿಲ್ಲ? ಸಿಸ್ಟರ್ ಎಲ್ಲವನ್ನೂ ತಲೆತಗ್ಗಿಸಿ ಕೇಳಿದರು. ಕೇಳಿ, “ಮಗನಿಗೆ ಒಂದು ಫೋನ್ ಮಾಡಿ ಬಿಡ್ಲಾ ಮೇಡಂ?” ಎಂದರು. ಕಲ್ಲಿನ ಗೋಡೆಗೆ ಹೇಳಿದ್ದರೆ ಇಷ್ಟು ಹೊತ್ತಿಗೆ ಗೋಡೆಗಾದರೂ ತಿಳಿಯುತ್ತಿತ್ತು ಎಂದುಕೊಂಡು ಹೊರಟು ಬಂದೆ. ಇನ್ನು ಆ ಓಣಿಗೆ ಕಾಲಿಡುವುದಿಲ್ಲ ಎಂದೂ ಅಂದುಕೊಂಡೆ.

ಕಾಲಿಡದಿದ್ದರೇನು, ಫೋನಿದೆಯಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಬಂತು.

“ಮೇಡಂ, ಒಂದು ಡೌಟು. ಲಲಿತಮ್ಮ ನಿನ್ನೆಯಿಂದ ಏನೂ ತಿಂತಿಲ್ಲ. ಗಂಟಲು ಸವರಿದೆ, ಹಾಡ್ದೆ, ಬೈದೆ. ಬಾಯಿ ಬಿಗಿ ಹಿಡ್ಕೊಂಡಿದಾರೆ. ಡಾಕ್ಟ್ರು ನೋಡಿ ಏನೂ ಇಲ್ಲ ಅಂದ್ರು. ಮಗ ಹೆಂಗಾದ್ರೂ ತಿನ್ನಿಸಿ ಅಂತಾರೆ. ತಿನ್ನಲ್ಲ ಅನ್ನೋ ಹಕ್ಕು ಅವರಿಗೆ ಇದೆಯಾ? ನಾನೇನು ಮಾಡ್ಲಿ?”

ನನ್ನ ತಾಳ್ಮೆ ಎಂದೋ ಮುಗಿದಿತ್ತು.

“ಸಿಸ್ಟರ್, ಮಗನ್ನ ಕೇಳಿದ್ರಿ, ಡಾಕ್ಟ್ರನ್ನ ಕೇಳಿದ್ರಿ, ನನ್ನ ಪ್ರಾಣ ತಿಂದ್ರಿ. ನಿನಗೆ ಏನು ಬೇಕು ಅಂತ ಆ ಲಲಿತಮ್ಮನ್ನ ಒಂದು ಸಲ ಕೇಳಿದೀರೇನ್ರೀ? ಫೋನ್ ಇಡಿ!”

ಆಮೇಲೆ ನಡೆದದ್ದನ್ನು ಶಾಂತಾ ಹೇಳಿದಳು. ಸಿಸ್ಟರ್ ಫೋನನ್ನು ಕೋಟಿನ ಜೇಬಿಗೆ ಹಾಕಿದರು. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿದರು. “ಲಲಿತಮ್ಮ, ನಿಮಗೆ ಏನು ಬೇಕು?”

ಲಲಿತಮ್ಮ ತುಂಬ ಹೊತ್ತು ಉತ್ತರ ಕೊಡಲಿಲ್ಲ. ಸಿಸ್ಟರ್ ಕಾದರು. ಕೊನೆಗೆ ಲಲಿತಮ್ಮ ಕಿಟಕಿಯ ಕಡೆ ಕೈ ಮಾಡಿ, “ಹೊರಗೆ ಕೂತಿದಾಳಲ್ಲ, ಅವಳನ್ನ ಒಳಗೆ ಕರಿ. ಬಿಸಿಲು,” ಎಂದರು.

ಸಿಸ್ಟರ್ ಎದ್ದು ಹೋಗಿ ಗೇಟು ತೆಗೆದರು. ಯಾರಿಗೂ ಫೋನ್ ಮಾಡಲಿಲ್ಲ. ಖೈರುನ್ನಿಸಾ ಬಂದು ಮಂಚದ ಮೇಲೆ ಕೂತು, ಡಬ್ಬಿ ತೆಗೆದು, ಅಕ್ಕಿ ರೊಟ್ಟಿ ಮುರಿದರು. ಬಿಗಿದಿದ್ದ ಬಾಯಿ ತೆರೆಯಿತು. ಲಲಿತಮ್ಮ ಒಂದು ಚೂರು ತಿಂದು, ಇನ್ನೊಂದು ಚೂರನ್ನು ತಮ್ಮ ಕೈಯಿಂದಲೇ ಗೆಳತಿಯ ಬಾಯಿಗೆ ಇಟ್ಟರು. ಗಿರಣಿಯಲ್ಲಿ ಹಾಗೆಯೇ ತಿನ್ನುತ್ತಿದ್ದರಂತೆ.

ಅದೇ ಹೊತ್ತಿಗೆ, ಅಮ್ಮ ಊಟ ಬಿಟ್ಟಿದ್ದಾಳೆಂದು ಗಾಬರಿಯಾಗಿ, ಮಗ ಬಂದ. ಬಾಗಿಲಲ್ಲಿಯೇ ನಿಂತು ನೋಡಿದ.

“ಯಾರ್ರೀ ಇವರನ್ನ ಒಳಗೆ ಬಿಟ್ಟಿದ್ದು?”

“ನಿಮ್ಮ ತಾಯಿ,” ಎಂದರು ಸಿಸ್ಟರ್.

“ಅಮ್ಮಂಗೆ ಏನ್ರೀ ಗೊತ್ತಾಗುತ್ತೆ?”

“ಬಿಸಿಲು ಗೊತ್ತಾಗುತ್ತೆ ಸಾರ್.”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಆಕೆಗೆ ಕೈಮುಗಿಯುತ್ತಿದ್ದೆ. ಎಲ್ಲಿ ನಿಲ್ಲಿಸುತ್ತಾರೆ? ಮಗ ದನಿ ಏರಿಸಿದ, ಇವರೂ ಏರಿಸಿದರು. ಅಮ್ಮನ ಭೇಟಿ ತಡೆದರೆ ಕಾಯ್ದೆ ಪ್ರಕಾರ ನಿಮ್ಮನ್ನು ಒಳಗೆ ಹಾಕುತ್ತಾರೆ, ಜಾಮೀನೂ ಸಿಗುವುದಿಲ್ಲ, ನಮ್ಮ ವಕೀಲರು ಹೇಳಿದ್ದಾರೆ ಎಂದುಬಿಟ್ಟರು. ಯಾವ ಕಾಯ್ದೆಯಲ್ಲೂ ಹಾಗಿಲ್ಲ! ನಾನು ಕನಸಿನಲ್ಲೂ ಹೇಳಿಲ್ಲ! ಸಂಜೆ ಆ ಮನುಷ್ಯ ನನ್ನ ಆಫೀಸಿಗೇ ಬಂದ. “ಏನ್ ಮೇಡಂ, ನನ್ನನ್ನ ಜೈಲಿಗೆ ಹಾಕಿಸ್ತೀರಾ?” ಅವನನ್ನು ಕೂರಿಸಿ, ನೀರು ಕೊಟ್ಟು, ಜೈಲು ಇಲ್ಲ ಎಂದು ನಂಬಿಸಿ, ಆಮೇಲೆ ತಾಯಿಯ ಇಷ್ಟದ ವಿಷಯಕ್ಕೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವನು ಕೆಟ್ಟವನಲ್ಲ. ಅಮ್ಮ ಅತ್ತರೆ ಅವನಿಗೆ ನೋಡಲಾಗುತ್ತಿರಲಿಲ್ಲ, ಅಷ್ಟೇ.

“ನೀವು ಹೇಳಿದ ಮೇಲೆ ಬಿಡ್ತೀನಿ ಮೇಡಂ,” ಎಂದ ಕೊನೆಗೆ. “ಆದ್ರೆ ಅಮ್ಮ ರೊಟ್ಟಿ ತಿಂದ್ಲು. ನಾನು ನೋಡಿದೆ. ಹೋದ ಸಲ ನಾನು ಹೋದಾಗ ನನ್ನ ಕೈಲಿ ತಿನ್ನಲಿಲ್ಲ.”

ಸಿಸ್ಟರ್ ಇದರಿಂದ ಕಾಯ್ದೆ ಕಲಿತರು ಎಂದು ನೀವು ಅಂದುಕೊಂಡರೆ ನಿಮಗೆ ಆಕೆ ಅರ್ಥವಾಗಿಲ್ಲ. ಈ ಗೆಲುವಿನ ಹುರುಪಿನಲ್ಲಿ ಇನ್ನೊಂದು ದಡಕ್ಕೆ ಹೋಗಿ ಬಿದ್ದರು. ಸ್ನಾನ ಬೇಡ ಎಂದವರಿಗೆ ಸ್ನಾನವಿಲ್ಲ, ಅವರ ಹಕ್ಕು. ಮಾತ್ರೆ ಬೇಡ ಎಂದವರಿಗೆ ಮಾತ್ರೆ ಇಲ್ಲ, ಅದೂ ಅವರ ಹಕ್ಕು. ಒಂದು ವಾರದಲ್ಲಿ ಶಾಂತಾ ಮೂಗು ಮುಚ್ಚಿಕೊಂಡು ಫೋನ್ ಮಾಡಿದಳು. ನಾನು ಓಡಿದೆ. “ಸಿಸ್ಟರ್, ಬೇಡ ಅಂದ ತಕ್ಷಣ ಬಿಟ್ಟುಬಿಡೋದಲ್ಲ. ನೀರು ತಣ್ಣಗಿದೆಯಾ, ನಾಚಿಕೆನಾ, ಭಯನಾ, ಮಾತ್ರೆ ಯಾಕೆ ಅಂತ ಗೊತ್ತಿದೆಯಾ, ಅದನ್ನೆಲ್ಲ ಕೇಳ್ಬೇಕು!” ಆಕೆ ಸೊಂಟಕ್ಕೆ ಕೈ ಕೊಟ್ಟು ನಿಂತರು. “ನೀವು ಒಂದ್ಸಲ ಕೇಳಿ ಅಂತೀರಾ, ಕೇಳಿದ್ರೆ ಹಂಗಲ್ಲ ಅಂತೀರಾ. ಮೊದಲು ನಿಮ್ಮ ಕಾಯ್ದೆನ ಸರಿಯಾಗಿ ಬರೀರಿ ಮೇಡಂ.”

ಸುದ್ದಿ ಬಂದ ದಿನ ಭದ್ರಾವತಿಗೆ ಹೋಗಿದ್ದೆ. ಸಿಸ್ಟರ ತಂಗಿಯ ಮಗಳು ಹೇಳಿದಳು: “ಬೆಳಿಗ್ಗೆ ಇಡ್ಲಿ ತಿಂದ್ರು ಮೇಡಂ, ಕಾಫಿ ಕುಡಿದ್ರು. ಶಿವಮೊಗ್ಗಕ್ಕೆ ಫೋನ್ ಮಾಡಿ ಎಲ್ಲರದೂ ತಿಂಡಿ ಆಯ್ತಾ ಅಂತ ಕೇಳಿದ್ರು. ಹಂಗೇ ಗೋಡೆಗೆ ಒರಗಿದ್ರು.” ಬೀದಿಯಲ್ಲಿ ಖೈರುನ್ನಿಸಾ ನಿಂತಿದ್ದರು. ನನ್ನ ಕೈ ಹಿಡಿದು, “ಗುರುವಾರ ನಾನು ಹೋಗ್ತೀನಿ ಬೇಟಿ. ನೀನೂ ಬಾ. ಲಲಿತಾ ಕೇಳಿದ್ರೆ ನಾನೊಬ್ಬಳೇ ಏನು ಹೇಳ್ಲಿ?” ಎಂದರು.

ಗುರುವಾರ ಹೋದೆವು. ಈಗ ಉಸ್ತುವಾರಿ ನೋಡುತ್ತಿರುವುದು ಶಾಂತಾ. ಬಾಗಿಲಲ್ಲಿಯೇ ನನ್ನನ್ನು ಪಕ್ಕಕ್ಕೆ ಕರೆದಳು. ಒಳಗಿರುವ ಯಾರಿಗೂ ಹೇಳಿಲ್ಲವಂತೆ. ಸಿಸ್ಟರ್ ರಜದಲ್ಲಿದ್ದಾರೆ ಎಂದೇ ಹೇಳಿಕೊಂಡು ಬಂದಿದ್ದಾರಂತೆ.

“ಅವರಿಗೇನು ಗೊತ್ತಾಗುತ್ತೆ ಮೇಡಂ? ಸುಮ್ನೆ ಸಂಕಟ. ಹೇಳೋದಾದ್ರೆ ಸೇರಿಸಿದವರನ್ನ ಒಂದು ಮಾತು ಕೇಳಿ...”

ಹೊರಟಲ್ಲಿಗೇ ಬಂದು ನಿಂತೆವು ನೋಡಿ! ಬೈಯಲು ಬಾಯಿ ತೆರೆದೆ. ಬೈಯಲಾಗಲಿಲ್ಲ, ಕಣ್ಣು ತುಂಬಿಬಂತು.

ಲಲಿತಮ್ಮ ಮಂಚದ ಮೇಲೆ ಕೂತಿದ್ದರು. ಖೈರುನ್ನಿಸಾ ರೊಟ್ಟಿ ಮುರಿದು ಕೊಟ್ಟರು. ಲಲಿತಮ್ಮ ಅಗಿಯುತ್ತಾ ಸುತ್ತ ನೋಡಿದರು, ಬಾಗಿಲ ಕಡೆ ನೋಡಿದರು.

“ಆ ಬಿಳಿ ಕೋಟಿನೋಳು ಎಲ್ಲಿ? ಬೈತಿರ್ತಾಳಲ್ಲ?”

ಖೈರುನ್ನಿಸಾ ನನ್ನ ಮುಖ ನೋಡಿದರು. ಶಾಂತಾ ಬೇಡ ಎಂದು ತಲೆಯಾಡಿಸಿದಳು. ನಾನು ನೆಲದ ಮೇಲೆ ಕೂತೆ.

“ತೀರ್ಕೊಂಡ್ರು ಲಲಿತಮ್ಮ.”

ಅವರು ಅಗಿಯುವುದನ್ನು ನಿಲ್ಲಿಸಿದರು. ತಿಳಿಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಾನು ಕಾದೆ. ಗೆಳತಿಯ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಾ ತುಂಬ ಹೊತ್ತಾದ ಮೇಲೆ ಕೇಳಿದರು:

“ತಿಂದು ಹೋದ್ಲಾ?”

“ಹೂಂ ಲಲಿತಮ್ಮ. ತಿಂದೇ ಹೋದ್ರು.”

“ಹಂಗಾದ್ರೆ ಸರಿ,” ಎಂದು ಲಲಿತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.